ಗಂಟೆಯ ಹಗ್ಗ

“ಗಂಟೆ ಬಾರಿಸಿದ ಕೂಡಲೇ ನಾವೇಕೆ ಏಳಬೇಕು?”
ಬೆಳಗಿನ ಸಭೆಯಲ್ಲಿ ಕೇಳಿದವಳು ಒಡೆಟ್, ಎಂಟು ವರ್ಷ.
ಅರ್ಧ ಕಟ್ಟಿದ ಸೇತುವೆಯ ಕಡ್ಡಿ ಕೈಯಲ್ಲೇ ಇತ್ತು,
ಅಂಟು ಇನ್ನೂ ಆರಿರಲಿಲ್ಲ.

ನಮ್ಮಲ್ಲಿ ಪ್ರಶ್ನೆ ಬಂದರೆ ಚಾಪೆ ಹಾಸಿ ಕೂರಿಸುತ್ತೇವೆ,
ಹಾಗೆಂದು ಊರವರ ಕುಹಕ.
ಮಿಲ್ವಾಕಿಯ ದಕ್ಷಿಣ ತುದಿ, ಕಿನಿಕಿನಿಕ್ ನದಿಯ ಬಗಲಲ್ಲಿ
ಒಂದು ಕಾಲದ ಕೈಗವಸಿನ ಕಾರ್ಖಾನೆ.
ಈಗ ನಲವತ್ತಮೂರು ಮಕ್ಕಳು, ಕಲಿಸುವವರು ಆರು ಮಂದಿ,
ಎರಡು ಕೋಳಿ, ಒಂದು ಮರಗೆಲಸದ ಕೋಣೆ.
ಅಂಕಪಟ್ಟಿ ಇಲ್ಲ.
ವರ್ಷಕ್ಕೆರಡು ಸಲ ಪ್ರತಿ ಮನೆಗೂ
ಮೂರು ಪುಟದ ಕಾಗದ ಬರೆಯುತ್ತೇವೆ.
ಪೂರ್ತಿ ಓದಿ ಮಡಿಸಿಟ್ಟು ತಂದೆಯೊಬ್ಬ ಕೇಳಿದ್ದ:
“ಎಲ್ಲ ಸರಿ, ನೂರಕ್ಕೆ ಎಷ್ಟು?”

ಮೂರು ದಿನ ನಡೆಯಿತು ಚರ್ಚೆ.
“ಗಂಟೆ ಬಿದ್ದಾಗಲೆಲ್ಲ ನನ್ನ ಕತೆ
ಅರ್ಧಕ್ಕೇ ಸಾಯುತ್ತೆ,” ಅಂದಳು ಪಾ ಹೌವಾ.
“ಗಂಟೆಯಿಲ್ಲದೆ ಊಟದ ಹೊತ್ತು
ಹೊಟ್ಟೆಗೆ ಹೇಗೆ ತಿಳಿಯುತ್ತೆ?” ಥೇಯೊನ ಚಿಂತೆ.
“ಹೊಟ್ಟೆಗೇ ಮೊದಲು ತಿಳಿಯೋದು,” ಹಿಂದಿನಿಂದ ಯಾರೋ.
ಬೇಡ ಎಂದು ಎದ್ದ ಕೈ ಮೂವತ್ತೊಂದು.
ಬೇಕು, ಹನ್ನೆರಡು.

ಬಾಗಿಲ ಬಳಿ ಪೊರಕೆಯ ಹಿಡಿಗೆ ಗಲ್ಲವೂರಿ ನಿಂತ
ಕಾಜಿಮಿರ್‌ನ ಕೈ ಎರಡು ಸಲವೂ ಏಳಲಿಲ್ಲ.
ಹತ್ತೊಂಬತ್ತು ವರ್ಷ ಆ ಹಗ್ಗ ಎಳೆದವನು.
ಅದಕ್ಕೂ ಮುಂಚೆ ಅವನವ್ವ
ಇದೇ ಗಂಟೆಗೆ ಒಳಹೋಗಿ ಹೊಲಿಗೆಗೆ ಕೂತವಳು,
ಇದೇ ಗಂಟೆಗೆ ಎದ್ದು
ಸೂಜಿ ಚುಚ್ಚಿದ ಬೆರಳು ಚೀಪುತ್ತ ಮನೆಗೆ ಬಂದವಳು.
ಸಭೆಗೆ ಅದನ್ನು ಹೇಳಲಿಲ್ಲ.
ನನಗೆ ಹೇಳಿದ್ದು ಏಪ್ರಿಲ್‌ನಲ್ಲಿ,
ಕಟ್ಟಿಕೊಂಡ ಚರಂಡಿ ಬಿಡಿಸುವಾಗ, ಮಾತಿಗೆ ಮಾತು ಬಂದು.
“ನಿನಗೂ ಒಂದು ಮತ ಇತ್ತಲ್ಲ,” ಅಂದೆ.
“ಮಕ್ಕಳ ಮೇಲೆ ಕೈಯೆತ್ತಬಾರದು ಅಂತ
ಇಲ್ಲಿ ನಿಯಮ ಅಲ್ಲವಾ?” ಎಂದು ನಕ್ಕ.

ಗಂಟೆಯಿಲ್ಲದ ಮೊದಲ ಸೋಮವಾರ
ಎಂಟೂವರೆಗೆ ಅವನ ಬಲಗೈ ತಾನಾಗಿ ಗೋಡೆಯತ್ತ ಹೋಗಿ
ಗಾಳಿ ಹಿಡಿದು
ಜೇಬಿಗೆ ಮರಳಿದ್ದನ್ನು ಒಡೆಟ್ ನೋಡಿದಳು.
ನೋಡಿ ಸುಮ್ಮನಿರುವುದನ್ನು ನಾವು ಅವಳಿಗೆ ಕಲಿಸಿಲ್ಲ.
“ಬಾರಿಸುವ ಹೊತ್ತು ನಿನಗೆ ಹೇಗೆ ಗೊತ್ತಾಗುತ್ತಿತ್ತು?”

ಗಡಿಯಾರ ನೋಡುತ್ತಿದ್ದ ಎಂದೇ ನಮ್ಮೆಲ್ಲರ ಎಣಿಕೆ.
ಅವನು ನೆಲ ತೋರಿಸಿದ.
ಪೂರ್ವದ ಕಿಟಕಿಯ ಬಿಸಿಲು
ನಾಲ್ಕನೆಯ ಹಲಗೆಯ ಗಂಟು ಮುಟ್ಟಿದರೆ ಎಂಟೂವರೆ.
“ಮಾರ್ಚಿನಲ್ಲಿ ಗಡಿಯಾರ ಒಂದು ತಾಸು ಮುಂದಿಟ್ಟಾಗ?”
“ಏಳನೇ ಹಲಗೆ.”
“ಮೋಡ ಇದ್ದರೆ?”
“ಅಂದಾಜು.”

ಆಮೇಲೆ ಸೀಮೆಸುಣ್ಣ.
ದಿನವೂ ಎಂಟೂವರೆಗೆ ಸರಿಯಾಗಿ
ಬಿಸಿಲಿನ ಅಂಚಿಗೊಂದು ಗೆರೆ, ಪಕ್ಕದಲ್ಲಿ ತಾರೀಕು.
ಅವನು ಒರೆಸುವಾಗ ಅಷ್ಟು ನೆಲ ಬಿಟ್ಟು ಒರೆಸಿದ.
ಗೆರೆಗಳು ಮೆಲ್ಲಗೆ ಸರಿದವು,
ಗಂಟು ಬಿಟ್ಟು, ಹಲಗೆ ಬಿಟ್ಟು.
ಜೂನ್ ಬರುವಷ್ಟರಲ್ಲಿ ಮಕ್ಕಳು ಕಂಡುಹಿಡಿದರು:
ಕೆಲವು ತಿಂಗಳು ಬೇಗ, ಕೆಲವು ತಿಂಗಳು ತಡ,
ಹತ್ತೊಂಬತ್ತು ವರ್ಷ ಗಂಟೆ ತಪ್ಪಿಯೇ ಬಡಿದಿತ್ತು.
ಯಾರಿಗೂ ಗೊತ್ತಾಗಿರಲಿಲ್ಲ.
ಚಪ್ಪಾಳೆ, ಕೇಕೆ. ಇಷ್ಟುದ್ದದ ನಕ್ಷೆ ಗೋಡೆಗೆ.
ಅವರಿಗದು ಶೋಧ.
ಬಾಗಿಲ ಬಳಿ ಕಾಜಿಮಿರ್‌ನ ಕಿವಿ ಕೆಂಪಾಗಿತ್ತು.

ಮಾರನೆಯ ದಿನ ನಕ್ಷೆ ಗೋಡೆಯ ಮೇಲಿರಲಿಲ್ಲ.
ಒಡೆಟ್ ಕೋಳಿಗೂಡಿನ ಬಳಿ ಕೂತು
ಅವನಿಗೆ ಮೊಳೆ ಎತ್ತಿಕೊಡುತ್ತಿದ್ದಳು,
ಇಬ್ಬರೂ ಮಾತಿಲ್ಲದೆ.
ಅವಳ ಮನೆಗೆ ಹೋಗಬೇಕಾದ ಕಾಗದ
ಆ ಸಲ ನಾನು ನಾಲ್ಕು ಬಾರಿ ಹರಿದೆ.

ಈ ಚಳಿಗಾಲ ಹಗ್ಗದ ತುದಿಯನ್ನು
ಒಲೆಯಾಚೆಯ ಕೊಂಡಿಗೆ ಬಿಗಿದಿದ್ದಾರೆ.
ಹಿಮದಲ್ಲಿ ಆಡಿ ಬಂದವರ ಒದ್ದೆ ಕೈಗವಸು
ಅದರ ಮೇಲೆ ಸಾಲಾಗಿ ಒಣಗುತ್ತವೆ,
ಕೆಂಪು, ಬೂದು, ಹೆಬ್ಬೆರಳು ತೂತಾದವು.
ನಿನ್ನೆ ಥೇಯೊ ತನ್ನದನ್ನು ಸರಕ್ಕನೆ ಎಳೆದ.
ಮೇಲೆ ಎಲ್ಲೋ ಒಂದೇ ಒಂದು ಢಣ್.

ಎಲ್ಲರ ತಲೆ ಮೇಲೆದ್ದಿತು. ಯಾರೂ ಏಳಲಿಲ್ಲ.
ಕಾಜಿಮಿರ್ ನೆಲದ ಕಡೆ ಒಮ್ಮೆ ನೋಡಿ
“ಹನ್ನೊಂದು ನಿಮಿಷ ತಡ,” ಅಂದ,
ಪೊರಕೆ ಎತ್ತಿಕೊಂಡ.