ಅಂಗಿ ಓದುವವಳು

ಅಂಗಿ ತಂದವರು ಹೊಸ್ತಿಲಾಚೆ ನಿಲ್ಲಬೇಕು.
ಒಗೆದದ್ದು ನಡೆಯದು.
ಮೂರು ರಾತ್ರಿ ಮೈಗಂಟಿ ಬೆವರು ಕುಡಿದಿರಬೇಕು.
ನಮ್ಮತ್ತೆ, ಮಾಚಿ ಎರ್ಮೆಲಿಂಡಾ ಕಯುಕೆಯೊ,
ಮೊಣಕಾಲ ಮೇಲೆ ಹರವಿ
ಹೊಲಿಗೆ ಹೊಲಿಗೆಯನ್ನೂ ಬೆರಳಿಂದ ಕೇಳುತ್ತಾಳೆ.
ಅಕ್ಷರ ಬಾರದವಳು
ಕಾಲರಿನಿಂದ ಶುರುಮಾಡಿ ಕಡೆಯ ಗುಂಡಿಯವರೆಗೆ ಓದುತ್ತಾಳೆ.

ನನ್ನ ಕೆಲಸ ಸಣ್ಣದು.
ಕುಲ್ತ್ರುನ್ ಬಿಸಿಯೇರಿ
ಅವಳ ಬಾಯಲ್ಲಿ ಇನ್ನಾರೋ ಮಾತಾಡುವಾಗ
ಅದನ್ನು ನೆನಪಿಟ್ಟು, ಎಚ್ಚರವಾದ ಮೇಲೆ
ಅವಳಿಗೂ ರೋಗಿಗೂ ಹೇಳುವುದು.
ಮರೆತರೆ, ತಿರುಚಿದರೆ,
ರೋಗ ನನ್ನ ಮೈಗೆ ದಾಟುತ್ತದೆ.

ಆ ಚಳಿಗಾಲ ಒಂದೇ ವಾರದಲ್ಲಿ ಹದಿನೇಳು ಅಂಗಿ.
ಒಂಬತ್ತು, ಮಕ್ಕಳವು.
ತಂಗಿಯ ಮಗ ಅಲಿವೆನ್‌ನದ್ದೂ ಇತ್ತು,
ಎದೆಯ ಮೇಲೆ ಮಾಸಿದ ಫುಟ್‌ಬಾಲು.
ದವಾಖಾನೆಯಲ್ಲಿ ಬಿಳಿ ಗುಳಿಗೆ ಕೊಟ್ಟಿದ್ದರು,
ನೀರು ಕುದಿಸಿ ಕುಡಿಸಿ ಎಂದಿದ್ದರು.
ಯಾವ ನೀರು ಅಂತ ಕೇಳಲು ತಂಗಿಗೆ ನಾಚಿಕೆ.
ನಮ್ಮಲ್ಲಿ ನೀರು ಲಾರಿಯಲ್ಲಿ ಬರುತ್ತದೆ, ಗುರುವಾರ.

ಅತ್ತೆ ಹದಿನೇಳನ್ನೂ ನೆಲಕ್ಕೆ ಹಾಸಿದಳು.
ಕೈಯಲ್ಲಿನ ಮಾತೆ ಆರಿಹೋಯಿತು.
“ಹದಿನೇಳು ರೋಗವಲ್ಲ ಇದು.
ಮಲಗಿರುವವಳು ಒಬ್ಬಳೇ.
ಇವರೆಲ್ಲ ಅವಳ ನರಳಿಕೆ.”

ಗುಡ್ಡದ ಹಿಂದೆ ಮೆನೊಕೊ ಇತ್ತು, ನಮ್ಮ ಜೌಗು.
ಕಾಲಿಟ್ಟರೆ ನೆಲ ಉಸಿರೆಳೆದುಕೊಳ್ಳುತ್ತಿತ್ತು.
ಒಂದೆಲೆ ಕೀಳುವ ಮೊದಲು ಹೆಸರು ಹೇಳಬೇಕು:
ಯಾರ ಮಗಳು, ಯಾರಿಗೆ ಹುಷಾರಿಲ್ಲ, ಎಷ್ಟೆಲೆ ಸಾಕು.
ಹಿಡಿ ಗೋಧಿ ಇಟ್ಟು ತಿರುಗಿ ನೋಡದೆ ಬರಬೇಕು.
ನೀರಿನ ಒಡತಿ ಲೆಕ್ಕದಲ್ಲಿ ಬಲು ಬಿಗಿ.

ಕಂಪನಿಯವರು ಹೆಸರು ಹೇಳಲಿಲ್ಲ.
ನೀಲಗಿರಿ ನೆಟ್ಟರು, ಸಾಲು ಸಾಲು,
ಶಾಲೆಯಂಗಳದಲ್ಲಿ ಹಾಜರಿಗೆ ನಿಂತ ಹಾಗೆ.
ಹನ್ನೆರಡು ವರ್ಷ ಅವು ಒಡತಿಯನ್ನು ಬೇರಲ್ಲೇ ಕುಡಿದವು.
ಕಡಿದು ಸಾಗಿಸಿ ಮತ್ತೆ ನೆಟ್ಟರು.
ಈಗ ಅಲ್ಲಿ ಸೀಳಿದ ಮಣ್ಣು,
ಮೊಣಕಾಲೆತ್ತರದ ಸಸಿ,
ಯಾರೋ ಬಿಟ್ಟುಹೋದ ಹಳದಿ ಹೆಲ್ಮೆಟ್ಟು.

ಡೋಲಿನೊಳಗಿಂದ ಬಂದದ್ದನ್ನು ಇದ್ದಂತೆ ಹೇಳಿದೆ:
ಕೀಳಿ. ಬರಿಗೈಯಲ್ಲಿ.
ಕಬ್ಬಿಣದ ಸದ್ದು ಅವಳಿಗೆ ಸಾಕಾಗಿದೆ.

ಕಿತ್ತೆವು. ಬಸುರಿಯರೂ, ಹಲ್ಲಿಲ್ಲದವರೂ.
ಕತ್ತಲಲ್ಲಿ ಬೇರು ಬಿಡುವ ಸದ್ದು
ಹೊಲಿಗೆ ಬಿಚ್ಚಿದ ಹಾಗೆ.
ಐದನೆಯ ರಾತ್ರಿ ಟಾರ್ಚು, ನಾಯಿ, ಆಮೇಲೆ ಪೊಲೀಸು.
ತೆಮುಕೊ ಕೋರ್ಟಿನಲ್ಲಿ ನನ್ನನ್ನೇ ನಿಲ್ಲಿಸಿ ಕೇಳಿದರು,
ಮುದುಕಿ ಹೇಳಿದ್ದೇನು?
ಔಷಧಿ ಚೀಟಿ, ಸ್ವಾಮಿ, ಅಂದೆ.
ಗುಮಾಸ್ತ ತಲೆಯೆತ್ತದೆ ಬರೆದುಕೊಂಡ:
ಆಸ್ತಿ ನಾಶ.

ಆಮೇಲೆ ಬಂದವಳು ಡೊರಾಲಿಸಾ ಮರಿಲಾಫ್.
ಕಂಕುಳಲ್ಲಿ ಹಸಿರಂಗಿ, ಜೇಬಿನ ಮೇಲೆ ಕಂಪನಿಯ ನಂಬರು.
ಮಗ ಕಾವಲುಗಾರ. ನಮ್ಮ ಮುಖಕ್ಕೆ ಬೆಳಕು ಬಿಟ್ಟವನು,
ನಮ್ಮದೇ ಭಾಷೆಯಲ್ಲಿ ಬೈದವನು.
“ರಾತ್ರಿಯೆಲ್ಲ ದಾಹ ಅವನಿಗೆ.
ಎಷ್ಟು ಕುಡಿದರೂ ನಾಲಗೆ ಒಣಮಣ್ಣು.”

ಅತ್ತೆ ಓದಿದಳು. ಹದಿನೇಳಕ್ಕೆ ಹಿಡಿದಷ್ಟೇ ಹೊತ್ತು
ಈ ಒಂದಕ್ಕೂ ಹಿಡಿಯಿತು.
ಡೋಲು ಎದ್ದಿತು. ಬಾಯಿ ತೆರೆಯಿತು.
ನಾನು ಕೇಳಿಸಿಕೊಂಡದ್ದು ಇಷ್ಟು:
ಇವನ ಬಾಯಾರಿಕೆ ನನ್ನದು. ಕೊಡುವುದಿಲ್ಲ.

ಡೊರಾಲಿಸಾ ಹೊಸ್ತಿಲಾಚೆ, ಮಂಜಿನಲ್ಲಿ,
ಬರಿಗಾಲಲ್ಲಿ ನಿಂತಿದ್ದಳು.
ನಾನಂದೆ: ನಲವತ್ತು ಸಸಿ ಕೀಳಲಿ.
ಮಣ್ಣಿಗೆ ತನ್ನ ಹೆಸರು ಹೇಳಲಿ. ವಾಸಿಯಾಗುತ್ತದೆ.

ಅತ್ತೆ ಕಣ್ಣು ತೆರೆದು ನನ್ನನ್ನು ನೋಡಿದಳು,
ಡೋಲಿಗೆ ಬಟ್ಟೆ ಮುಚ್ಚಿದಳು.

ಅವನು ಕಿತ್ತನೋ ಇಲ್ಲವೋ.
ಕೆಲಸ ಬಿಟ್ಟ ಎನ್ನುತ್ತಾರೆ, ವರ್ಗವಾಯಿತು ಎನ್ನುತ್ತಾರೆ.
ಜೌಗಿನ ಮೂಲೆಯಲ್ಲಿ ಅಂಗೈಯಗಲ ತೇವ ಕಂಡಿದೆ;
ಅಲಿವೆನ್ ಎದ್ದು ಚೆಂಡು ಒದೆಯುತ್ತಾನೆ.

ನಾನು ಮೂರು ರಾತ್ರಿಯಿಂದ ಇದೇ ಅಂಗಿಯಲ್ಲಿ ಮಲಗುತ್ತಿದ್ದೇನೆ.
ಹೂಜಿ ಬರಿದಾಗಿದೆ, ಗುರುವಾರ ದೂರ.
ಅತ್ತೆಯ ಮನೆ ಎಂಬತ್ತು ಹೆಜ್ಜೆ.
ಹೋಗಿ ಹಾಸಿದರೆ ಅವಳು ಓದಿಯೇ ಓದುತ್ತಾಳೆ.
ಆದರೆ ಅವಳ ಬಾಯಿ ತೆರೆದಾಗ
ಇದ್ದದ್ದು ಇದ್ದ ಹಾಗೆ
ನನಗೆ ಹೇಳುವವರು ಯಾರು?