ಎರಡು ಗಜ ನವಾರು

ಹಲಗೆ ಸಿಕ್ಕಿತ್ತು, ಅಂಟು ಸಿಕ್ಕಿತ್ತು,
ಜೂನ್ ಹೊತ್ತಿಗೆ ಒಡಲೂ ಮುಗಿದಿತ್ತು.
ಎಕ್ಸ್-ರೇ ಕೋಣೆಗೆ ಬೀಗ ಹಾಕಿ ಬಂದು
ರಾತ್ರಿ ಒಂಬತ್ತಕ್ಕೆ ಉಜ್ಜುಕಾಗದ ಹಿಡಿದರೆ
ಅಲ್ಲೂ ಅದೇ: ಬೆನ್ನೆಲುಬು, ಪಕ್ಕೆ,
ಒಂದರ ಮೇಲೊಂದು ತೆಳ್ಳಗಿನ ನೆರಳು.

ಇನ್ನು ಬೇಕಾದದ್ದು
ಬೆನ್ನು ಆನಿಸಲು ಒಂದು ಪಟ್ಟಿ,
ಬಿಗಿಯಲು ಎರಡು ಬಕಲು,
ಎಂಟು ಸ್ಕ್ರೂ.
ಅಷ್ಟಕ್ಕೆ ಮೂರು ತಿಂಗಳು.

ಹೊಸ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ
ಗಟ್ಟಿ ಪಟ್ಟಿ ಉಂಟಾ ಎಂದೆ.
ಕೌಂಟರಿನ ಹುಡುಗ ಕಂಗಾಲಾದ.
ಅವನ ಮಲಯಾಳದಲ್ಲಿ ಅದು ನಾಯಿ.
ಒಳಗಿನಿಂದ ಅಜ್ಜ ಇಣುಕಿ ನನ್ನ ಕೈಸನ್ನೆ ಓದಿ,
'ನವಾರು ಅನ್ನಿ ಮಾರಾಯ್ರೆ, ಮಂಚದ್ದು!'
ಸುರುಳಿ ಬಿಚ್ಚಿದ. ಅಚ್ಚ ಹತ್ತಿ.
ನೀರು ಕುಡಿದು ಮೂರೇ ಮಳೆಗೆ ಕೊಳೆಯುವ ಜಾತಿ.
ಆದರೂ ಎರಡು ಗಜ ಕೊಂಡೆ,
ಆ ಶಬ್ದ ಕೊಟ್ಟ ಋಣಕ್ಕೆ.

ಸ್ಕ್ರೂವಿನ ಕಥೆ ಬೇರೆ.
ಉಪ್ಪುಂಡ ಮನೆಗೆ ಎರಡು ಬಗೆಯುವುದರಲ್ಲಿ
ಮನುಷ್ಯನಿಗಿಂತ ಕಬ್ಬಿಣ ಮುಂದು.
ಹಾಗಾಗಿ ಕಿಸೆಯಲ್ಲಿ ಮಗಳ ಗಿಳಿ ಇಟ್ಟುಕೊಂಡೆ,
ಫ್ರಿಜ್ಜಿನ ಬಾಗಿಲಿಗೆ ಅಂಟಿರುತ್ತದಲ್ಲ, ಅಯಸ್ಕಾಂತದ್ದು.
'ಸ್ಟೀಲೇ ಸಾರ್, ಗ್ಯಾರಂಟಿ' ಎಂದಲ್ಲೆಲ್ಲ
ಗಿಳಿ ಹಾರಿ ಕೂತುಬಿಡುತ್ತಿತ್ತು,
ತವರಿನವರು ಸಿಕ್ಕ ಹಾಗೆ.
ನಾಲ್ಕನೆಯ ಅಂಗಡಿ, ಕಸಬಾ ಕಡಪ್ಪುರ,
ಬಲೆ, ಗಾಳ, ಇಂಜಿನ್ ಎಣ್ಣೆಯ ವಾಸನೆ.
ಚಂಚಲಾಕ್ಷಿಯ ಡಬ್ಬಿಯೊಳಗಿನ ಸ್ಕ್ರೂವಿಗೆ ಹಿಡಿದರೆ
ಗಿಳಿ ಒಲ್ಲೆನೆಂದು ಜಾರಿ ಠಣ್ಣನೆ ಬಿತ್ತು.
ನಾನು ನಕ್ಕುಬಿಟ್ಟೆ.
ಆಕೆ ತಲಾ ಮೂರು ರೂಪಾಯಿ ಏರಿಸಿದಳು.

ಕೊನೆಗೆ ಚೆರ್ಕಳದ ಗುಜರಿ.
ಅಂದುಞಿಚ್ಚ ಒಂದು ಬಿಳಿ ಕಾರಿನ ಬಾಗಿಲು ತೆರೆದು
ಸೀಟ್‌ಬೆಲ್ಟು ಎಳೆದ, ಸರ್ರನೆ ಬಂತು.
'ಹದಿನಾರು ವರ್ಷದ ಗಾಡಿ.
ಇದನ್ನು ಒಬ್ಬನೂ ಕಟ್ಟಿಲ್ಲ ನೋಡಿ,
ಹೊಸ ಮದುಮಗಳ ಸೀರೆ.'
ಪಕ್ಕದ ಕಾರಿನದ್ದು ಇನ್ನೂ ಚಂದ, ಕಡು ಕೆಂಪು.
ಕೈ ಹಾಕಿದೆ.
'ಅದು ಬೇಡ.'
ಯಾಕೆ?
'ಅದು ಕೆಲಸ ಮಾಡಿದೆ.'

ಬಕಲಿನ ಹತ್ತಿರ ಎಳೆಗಳು ಮಿರಮಿರ ಮಿಂಚುತ್ತಿದ್ದವು,
ಒಂದೇ ಒಂದು ಸಲ ಪೂರ್ತಿ ಎಳೆಸಿಕೊಂಡ ಮಿಂಚು.
ಅದರ ಇನ್ನರ್ಧ ನಾನು ಕಂಡಿದ್ದೇನೆ
ಬೆಳಕಿನ ಪೆಟ್ಟಿಗೆಯ ಮೇಲೆ:
ಮುರಿದ ಕೊರಳೆಲುಬು, ಓರೆಯಾಗಿ ನಾಲ್ಕು ಪಕ್ಕೆಲುಬು,
ಹೊರಗೆ ಬೆಂಚಿನಲ್ಲಿ
ಉಸಿರಾಡುವಾಗ ನೋವು ಎಂದು ಬೈಯುತ್ತಿರುವ ಮನುಷ್ಯ.
ಒಂದು ಸಲ ಹಿಡಿದದ್ದನ್ನು ಮತ್ತೆ ನಂಬಬಾರದು, ಎಂದ ಅಂದುಞಿಚ್ಚ.
ಮಾರಲೂ ಇಲ್ಲ, ಎಸೆಯಲೂ ಇಲ್ಲ.

ಹೊಲಿದವನು ಐತಪ್ಪ,
ಚಪ್ಪಲಿ, ಶಾಲೆಯ ಚೀಲ, ಕೊಡೆ ರಿಪೇರಿ.
ಯಾವ ಚೀಲದ್ದು?
ದೋಣಿಯದ್ದು.
ಒಂದು ಗಳಿಗೆ ನನ್ನ ಮುಖ ನೋಡಿ
ಬೀಡಿಯ ಕೆಂಡದಲ್ಲಿ ಅಂಚು ಸುಟ್ಟು ಮುಚ್ಚಿದ.
ಮೇಣದ ದಾರ, ಚೌಕದೊಳಗೊಂದು ಕತ್ತರಿ ಹೊಲಿಗೆ.
ತನ್ನದೇ ನಡುವಿಗೆ ಸುತ್ತಿ ಹಿಂದಕ್ಕೆ ಒರಗಿದ.
'ಕಟ್ಟಿ ಹಾಕಲಿಕ್ಕಾ ಇದು?'
ಅಲ್ಲ. ಒರಗಲಿಕ್ಕೆ ಮಾತ್ರ.
ಮಗುಚಿದರೆ ಬಿಟ್ಟುಬಿಡಬೇಕು.
'ಹಾಗಾದರೆ ಹತ್ತು ರೂಪಾಯಿ ಕಮ್ಮಿ ಕೊಡಿ.'

ನಿನ್ನೆ ಚಂದ್ರಗಿರಿಯಲ್ಲಿ, ಸೇತುವೆಯ ಕೆಳಗೆ, ಇಳಿತದ ಹೊತ್ತು.
ಮರಳಿನ ಮೇಲೆ ಕೂತು ಕೊನೆಯ ಸ್ಕ್ರೂ ತಿರುಗಿಸುವಾಗ
ಬೆರಳು ಜಾರಿತು.
ಗಿಳಿಯನ್ನು ತೆಗೆದು ಮೊಣಕಾಲೂರಿ
ಮರಳನ್ನು ಇಂಚಿಂಚು ಸವರಿದೆ:
ಎರಡು ಗಾಳ, ಒಂದು ತುಕ್ಕಿನ ಮೊಳೆ, ಸೋಡಾ ಮುಚ್ಚಳ
ಓಡೋಡಿ ಬಂದು ಅಂಟಿಕೊಂಡವು.

ಅದು ಬರಲಿಲ್ಲ.
ಒಳ್ಳೆಯ ಸ್ಕ್ರೂ ಅಲ್ಲವೇ.
ಏಳರಲ್ಲೇ ನೀರಿಗಿಳಿದೆ.