ಇರುವುದಿಲ್ಲ

ಪ್ರಾಧಿಕಾರದ ಗೇಟಿನೆದುರು, ಝೆರಾಕ್ಸ್ ಅಂಗಡಿಯ ಮಗ್ಗುಲಿಗೆ
ಒಂದು ಮೇಜು, ಒಂದು ಕಂಪ್ಯೂಟರು, ನಾನು.
ಪುಟಕ್ಕೆ ಇಪ್ಪತ್ತು ರೂಪಾಯಿ. ತಿದ್ದುಪಡಿಗೆ ಐದು.
ಯಾರ ಮಾತಾದರೂ ಸರಿ, ನನ್ನ ಬೆರಳಿಗೆ ಪಕ್ಷವಿಲ್ಲ
ಎಂದುಕೊಂಡು ಹನ್ನೊಂದು ವರ್ಷ.

ಮೊನ್ನೆ ಬಂದವರು ನಮ್ಮ ಓಣಿಯವರೇ,
ದಾವಣಗೆರೆಯ ಮುಚ್ಚಿದ ಮಿಲ್ಲೊಂದರ ಬೆನ್ನಿಗಿರುವ ಓಣಿ.
ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಘಟಕವಂತೆ,
ಸರ್ವೆ ನಂಬರು ನೂರಾ ಎಂಟರಲ್ಲಿ.
ನಕ್ಷೆಯಲ್ಲಿ ಅದು ಹಳದಿ ಇತ್ತು, ಅಂದರೆ ಮನೆ;
ನೇರಳೆ ಆಗಲಿದೆ, ಅಂದರೆ ಚಿಮಣಿ.
ಆಕ್ಷೇಪಣೆಗೆ ಮೂವತ್ತು ದಿನ. ಇಪ್ಪತ್ತಾರು ಮುಗಿದಿವೆ.
ನೋಟೀಸು ಬಂದದ್ದು ಯಾವ ಪೇಪರಿನಲ್ಲೆಂದು
ಪೇಪರು ಹಾಕುವ ಹುಡುಗನಿಗೂ ಗೊತ್ತಿಲ್ಲ.

ಹಾಲಮ್ಮ ಅಂದಳು: "ಮಾಳಿಗೆ ಮ್ಯಾಲೆ ಹಪ್ಪಳ ಒಣಗಿಸ್ತೀವಿ, ಅದನ್ನ ಬರಿಯವ್ವ."
ಬಿಸಿಯೂಟದ ನಗೀನಾ: "ನೂರಾ ಹನ್ನೆರಡು ಮಕ್ಕಳು, ಬೋರು ಒಂದೇ."
ಮಂಡಕ್ಕಿ ಭಟ್ಟಿಯ ಚಮನ್‌ಸಾಬರು, ಅರ್ಧ ಊರಿಗೆ
ಟೈರು ಸುಟ್ಟ ಮಸಿ ಹಂಚಿದವರು,
ಮೊದಲ ಸಹಿಗೇ ಪೆನ್ನು ಕೇಳಿದರು.
ಯಾರೋ ನಕ್ಕರು. ಸಾಬರೂ ನಕ್ಕರು:
"ನಮ್ಮ ಹೊಗೆ ಕಣ್ಣಿಗೆ ಕಾಣ್ತದೆ ಕಣಪ್ಪ,
ಬಟ್ಟೆ ಒಗೆದರೆ ಹೋಗ್ತದೆ. ಅದರದು?"

ಉಚ್ಚೆಂಗೆಪ್ಪ ಮಾತ್ರ ಸಹಿ ಹಾಕಲಿಲ್ಲ.
ಮಿಲ್ಲಿನಲ್ಲಿ ಇಪ್ಪತ್ತೆಂಟು ವರ್ಷ, ಎರಡನೇ ಪಾಳಿ.
ಈಗಲೂ ಮಧ್ಯಾಹ್ನ ಮೂರಕ್ಕೆ
ಇಲ್ಲದ ಸೈರನ್ನು ಕೇಳಿ ಚಪ್ಪಲಿ ಹುಡುಕುತ್ತಾನೆ.
"ಹತ್ತಿ ನನ್ನ ಎದ್ಯಾಗ ಇನ್ನೂ ಐತೆ," ಅಂದ, ಕೆಮ್ಮಿ,
"ಆದ್ರೆ ಆ ಸಂಬಳದಾಗೇ ಈ ಓಣಿ ಎದ್ದಿದ್ದು.
ಐವತ್ತು ಜನಕ್ಕೆ ಕೆಲ್ಸ ಕೊಡ್ತಾರಂತೆ. ನಿಮ್ ಹುಡುಗ್ರು
ಬೈಕ್ ಮ್ಯಾಲೆ ಯಾರ್ದೋ ದೋಸೆ ಹೊತ್ಕಂಡು ತಿರುಗ್ತಾವೆ."
ಯಾರೂ ಉತ್ತರಿಸಲಿಲ್ಲ.
ಹೊಡೆಯಲೋ ಬೇಡವೋ ಎಂದು ನಾನು ಬೆರಳೆತ್ತಿ ಕೂತೆ.

ಆಗ ಜೊತೆಗಿಡಲು ತಂದಿದ್ದ ಕಂಪನಿಯ ಅರ್ಜಿಯ ನಕಲನ್ನು
ನನ್ನ ಮುಂದೆ ಬಿಡಿಸಿದರು.
ಆ ಅಂಚು, ಆ ಅಕ್ಷರದ ಅಳತೆ,
ಪೂರ್ಣವಿರಾಮದ ಮೇಲೆ ಎರಡು ಜಾಗ ಬಿಡುವ ಕೆಟ್ಟ ಚಾಳಿ:
ನನ್ನದೇ.
ಶ್ರಾವಣದಲ್ಲಿ ತೆಳ್ಳನೆಯವನೊಬ್ಬ ಬಂದು ಮೊಬೈಲು ನೋಡಿ ಓದಿದ್ದ,
ನೂರು ಕೊಟ್ಟು ನಲವತ್ತು ಬಿಟ್ಟುಹೋಗಿದ್ದ:
"ಸದರಿ ಜಮೀನಿನ ಐನೂರು ಮೀಟರ್ ಸುತ್ತಳತೆಯಲ್ಲಿ
ಯಾವುದೇ ಜನವಸತಿ ಇರುವುದಿಲ್ಲ."
ಕಾಗುಣಿತದಲ್ಲಿ ಒಂದು ತಪ್ಪಿಲ್ಲ.
ನೂರಾ ಎಂಟು ಎಲ್ಲಿದೆಯೆಂದು ನಾನು ಕೇಳಿರಲಿಲ್ಲ.
ಓಣಿಯ ಮಕ್ಕಳು ಅದನ್ನು ಕ್ರಿಕೆಟ್ ಬಯಲು ಅನ್ನುತ್ತಾರೆ,
ಚೆಂಡು ನಮ್ಮ ನಲ್ಲಿಯ ಹತ್ತಿರ ಬೀಳುತ್ತದೆ.

ಇರುವುದಿಲ್ಲ.
ಹಾಲಮ್ಮ ಇರುವುದಿಲ್ಲ, ಹಪ್ಪಳ ಇರುವುದಿಲ್ಲ,
ಸಹಿ ಹಾಕದ ಉಚ್ಚೆಂಗೆಪ್ಪನೂ ಇರುವುದಿಲ್ಲ.
ಓಣಿ ಗುಡಿಸಲಿಕ್ಕೆ ಒಂದು ಗುಡಿಸು ಸಾಕಾಗಿತ್ತು.

ಯಾರಿಗೂ ಹೇಳಲಿಲ್ಲ. ಹಳೆಯ ಫೈಲು ತೆರೆದು
ಆ ಸಾಲನ್ನೇ ಎತ್ತಿ ತಂದು ಹೊಸ ಹಾಳೆಯ ತಲೆಗಿಟ್ಟೆ.
'ಯಾವುದೇ' ಹೋಯಿತು. 'ಲ್ಲ' ಅಳಿಸಿದೆ.
ದ-ಕಾರದ ಗುಡಿಸು ಕಿತ್ತು ಕೊಂಬು ಕೊಟ್ಟೆ: ಇರುವುದು.
ಕೆಳಗೆ ಮನೆ ನಂಬರುಗಳನ್ನು ಒಂದೊಂದೇ ಹೊಡೆಯತೊಡಗಿದೆ.

ಬಾಗಿಲವರೆಗೆ ಹೋಗಿದ್ದ ಉಚ್ಚೆಂಗೆಪ್ಪ ತಿರುಗಿ ನಿಂತ.
"ನಂದೂ ಹಾಕು, ನಲವತ್ತೊಂದರ ಎರಡು.
ಸಹಿ ಬ್ಯಾಡ. ಮನೆ ಐತಲ್ಲ, ಅದ್ಯಾಕೆ ಸುಳ್ಳು?"

ಏಳು ಪುಟ. ಪಿನ್ನು ಮುಗಿದಿತ್ತು.
ಆ ನಲವತ್ತು ಇನ್ನೂ ಡ್ರಾಯರಿನಲ್ಲಿದೆ ಎಂದು ನೆನಪಾಗಿ
ಹುಡುಗನ ಕೈಲಿ ಒಂದು ಡಬ್ಬಿ ತರಿಸಿದೆ.

ಐದೂವರೆಗೆ ಐದು ನಿಮಿಷ ಇತ್ತು.
ಗುಮಾಸ್ತ ಓದಲಿಲ್ಲ.
ಕೈಯಲ್ಲಿ ಒಮ್ಮೆ ತೂಗಿ ನೋಡಿ
ಸೀಲು ಹೊಡೆದ.